ಹಚ್ಚಿ ನೋಡಿದ ಮೇಲೆ

ಆಯುಧಪೂಜೆಗೆ ಒಡೆದ ಬೂದುಗುಂಬಳದ ಚೂರುಗಳನ್ನು ರಸ್ತೆಯಿಂದ ಗುಡಿಸಿ ಮುಗಿಸುವಷ್ಟರಲ್ಲಿ ಬೆಂಗಳೂರಿನ ನಮ್ಮ ವಿಜಯನಗರದಲ್ಲಿ ದೀಪಾವಳಿಯ ವ್ಯಾಪಾರ ಶುರುವಾಗಿರುತ್ತದೆ. ಹಂಪಿನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆಯ ಅಪಾರ್ಟ್‌ಮೆಂಟುಗಳ ಕೆಳಗೆ ಮೇಜುಗಳು ಸಾಲುಗಟ್ಟುತ್ತವೆ. ಚಕ್ಕುಲಿ, ಕೋಡುಬಳೆ, ಕುಚ್ಚು ಕಟ್ಟಿದ ಸೀರೆ, ಬಣ್ಣ ಬಳಿದ ಹಣತೆ. ಈಚಿನ ವರ್ಷಗಳಲ್ಲಿ ಇವುಗಳ ಜೊತೆ ತಪ್ಪದೆ ಇರುವುದು ಮನೆಯಲ್ಲೇ ಮಾಡಿದ ಕ್ಯಾಂಡಲುಗಳು: ಗಾಜಿನ ಲೋಟದಲ್ಲಿ, ತೆಂಗಿನ ಚಿಪ್ಪಿನಲ್ಲಿ, ಮಣ್ಣಿನ ಕುಡಿಕೆಯಲ್ಲಿ, ಮಲ್ಲಿಗೆ ಮೊಗ್ಗಿನ ಆಕಾರದಲ್ಲಿ, ಲಾಡಿನ ಆಕಾರದಲ್ಲಿ. ಕೊಳ್ಳಲು ಬಂದವರು ಕೈಗೆತ್ತಿಕೊಂಡು ಮೂಸುತ್ತಾರೆ, ಬೆಲೆ ಕೇಳುತ್ತಾರೆ. ನಾನು ಕೇಳುವುದು ಒಂದೇ ಪ್ರಶ್ನೆ: ‘ಇದನ್ನು ಕೊನೇವರೆಗೂ ಉರಿಸಿ ನೋಡಿದ್ದೀಯೇನಮ್ಮ?’

ಸುಳ್ಳು ಹೇಳುವವರು ಕಡಿಮೆ. ‘ಅರ್ಧ ಗಂಟೆ ಹಚ್ಚಿ ನೋಡಿದ್ವಿ ಆಂಟಿ, ಚೆನ್ನಾಗಿ ಉರೀತು’ ಎನ್ನುತ್ತಾರೆ. ಮೊದಲ ಅರ್ಧ ಗಂಟೆ ಯಾವ ಕ್ಯಾಂಡಲಾದರೂ ಚೆನ್ನಾಗಿಯೇ ಉರಿಯುತ್ತದೆ. ಅದರ ಗುಣ ತಿಳಿಯುವುದು ಮೂರನೆಯ ಗಂಟೆಯಲ್ಲಿ. ಅದರ ಅಪಾಯ ತಿಳಿಯುವುದು ತಳದಲ್ಲಿ ಉಳಿದ ಕೊನೆಯ ಬೆರಳಗಲ ಮೇಣದಲ್ಲಿ.

ಈ ಪ್ರಶ್ನೆ ನನ್ನ ಬಾಯಿಗೆ ಬಂದದ್ದು ನಮ್ಮ ಮಹಡಿ ಮೇಲಿನ ಬಾಡಿಗೆ ಮನೆಯ ಹುಡುಗಿಯಿಂದ. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟವಳು, ಅಡುಗೆಮನೆಯಲ್ಲೇ ಕ್ಯಾಂಡಲ್ ಮಾಡಿ ಮಾರತೊಡಗಿದ್ದಳು. ಒಂದು ಸಂಜೆ ಕೈಯಲ್ಲಿ ಸೀಳಿದ ಗಾಜಿನ ಲೋಟ ಹಿಡಿದುಕೊಂಡು ಕೆಳಗಿಳಿದು ಬಂದಳು. ಅವಳ ಗೆಳತಿಯ ಮನೆಯಲ್ಲಿ, ಟೀವಿ ಸ್ಟ್ಯಾಂಡಿನ ಮೇಲೆ, ಮುಕ್ಕಾಲುಪಾಲು ಉರಿದ ಕ್ಯಾಂಡಲಿನ ಲೋಟ ಬಿರಿದು ಕರಗಿದ ಮೇಣ ಹರಿದಿತ್ತು. ಕೆಳಗೆ ಹಾಸಿದ್ದ ಕಸೂತಿ ಬಟ್ಟೆಯ ಅಂಚು ಸುಟ್ಟಿತ್ತು. ಯಾರಿಗೂ ಏನೂ ಆಗಿರಲಿಲ್ಲ. ‘ಆಂಟಿ, ನೀವು ಸೈನ್ಸ್ ಟೀಚರ್ ಆಗಿದ್ರಲ್ವಾ, ಇದು ಯಾಕೆ ಹೀಗಾಯ್ತು ಹೇಳಿ’ ಎಂದಳು. ಮುಖದಲ್ಲಿ ಹೆದರಿಕೆ ಇತ್ತು. ಆ ಹೆದರಿಕೆಯನ್ನು ನೋಡಿ ನನಗೆ ಅವಳ ಮೇಲೆ ಗೌರವ ಹುಟ್ಟಿತು. ಒಂದು ಲೋಟ ಒಡೆಯಿತು, ಇನ್ನೊಂದು ಕೊಟ್ಟರಾಯಿತು ಎಂದು ಅವಳು ಅಂದುಕೊಳ್ಳಬಹುದಿತ್ತು.

ಲೋಟವನ್ನು ತಿರುಗಿಸಿ ನೋಡಿದೆವು. ಬತ್ತಿ ನಡುವಿನಲ್ಲಿ ನಿಂತಿರಲಿಲ್ಲ. ಒಂದು ಪಕ್ಕಕ್ಕೆ ವಾಲಿ ಗಾಜಿಗೆ ಒರಗಿ ಉರಿದಿತ್ತು. ಗಾಜಿನ ಒಂದು ಕಡೆ ವಿಪರೀತ ಕಾದು ಹಿಗ್ಗಿದೆ, ಎದುರು ಕಡೆ ತಣ್ಣಗೇ ಇದೆ. ಆ ಎಳೆದಾಟವನ್ನು ಟೀ ಅಂಗಡಿಯ ಮಾಮೂಲಿ ಗಾಜು ತಡೆಯಲಾರದು. ಬತ್ತಿಯ ಬುಡಕ್ಕೆ ಸಿಕ್ಕಿಸುವ ಪುಟ್ಟ ತಗಡಿನ ಬಿಲ್ಲೆಯೂ ಅಂಟು ಬಿಟ್ಟು ಜಾರಿತ್ತು. ಇವೆಲ್ಲ ಆಗುವುದು ಮೇಣ ಬಹುಪಾಲು ಕರಗಿ ಮುಗಿದ ಮೇಲೆ. ಅರ್ಧ ಗಂಟೆ ಹಚ್ಚಿ ನೋಡಿದವರಿಗೆ ಇದು ಯಾವತ್ತೂ ಕಾಣುವುದಿಲ್ಲ. ಅಂದಿನಿಂದ ನಮ್ಮ ಹಾಲಿನ ಒಂದು ಮೂಲೆ ಅವಳ ಪರೀಕ್ಷೆಯ ಜಾಗವಾಯಿತು: ಗ್ರಾನೈಟ್ ಚೂರಿನ ಮೇಲೆ ಕ್ಯಾಂಡಲು, ಪಕ್ಕದಲ್ಲಿ ಮರಳು ತುಂಬಿದ ಬಕೆಟ್ಟು, ಒಂದು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ನೋಟ್‌ಬುಕ್ಕು. ನೀರನ್ನು ಹತ್ತಿರ ಇಟ್ಟುಕೊಳ್ಳುವುದಿಲ್ಲ. ಉರಿಯುವ ಮೇಣದ ಮೇಲೆ ನೀರು ಸುರಿದರೆ ಅದು ಕ್ಷಣದಲ್ಲಿ ಆವಿಯಾಗಿ ಉರಿವ ಮೇಣವನ್ನೇ ಸುತ್ತಲೂ ಎರಚುತ್ತದೆ. ಇದನ್ನು ಅವಳಿಗೆ ಮೊದಲ ದಿನವೇ ಹೇಳಿದೆ.

ಕ್ಯಾಂಡಲಿನಲ್ಲಿ ಉರಿಯುವುದು ಯಾವುದು ಎಂದು ನಾನು ತರಗತಿಯಲ್ಲಿ ಮಕ್ಕಳನ್ನು ಕೇಳುತ್ತಿದ್ದೆ. ದಾರ ಎನ್ನುವವರು ಕೆಲವರು, ಮೇಣ ಎನ್ನುವವರು ಕೆಲವರು. ಆಗ ಕ್ಯಾಂಡಲನ್ನು ಊದಿ ನಂದಿಸಿ, ಮೇಲೇಳುವ ಬಿಳಿ ಹೊಗೆಗೆ ಕಡ್ಡಿ ಗೀರಿ ಹಿಡಿಯುತ್ತಿದ್ದೆ. ಬತ್ತಿಯನ್ನು ಮುಟ್ಟುವ ಮೊದಲೇ ಉರಿ ಹೊಗೆಯ ಎಳೆ ಹಿಡಿದು ಕೆಳಕ್ಕೆ ಜಿಗಿದು ಮತ್ತೆ ಹತ್ತಿಕೊಳ್ಳುತ್ತಿತ್ತು. ಕರಗಿದ ಮೇಣ ದಾರದಲ್ಲಿ ಮೇಲೇರಿ ಆವಿಯಾಗುತ್ತದೆ, ಉರಿಯುವುದು ಆ ಆವಿ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1860ರ ಕ್ರಿಸ್‌ಮಸ್ ರಜೆಯಲ್ಲಿ ಮೈಕೆಲ್ ಫ್ಯಾರಡೆ ಮಕ್ಕಳಿಗೆ ಕ್ಯಾಂಡಲಿನ ಮೇಲೆಯೇ ಆರು ಉಪನ್ಯಾಸ ಕೊಟ್ಟರು. ಮರುವರ್ಷ ಅವು ಪುಸ್ತಕವಾದವು. ಬುಕ್ ಬೈಂಡರ್ ಅಂಗಡಿಯಲ್ಲಿ ಹುಡುಗನಾಗಿ ದುಡಿದು ವಿಜ್ಞಾನಿಯಾದ ಆ ಮನುಷ್ಯ, ಕೈಗೆ ಸಿಗುವ ಅತ್ಯಂತ ಸಾದಾ ವಸ್ತುವನ್ನು ಹಿಡಿದು ರಸಾಯನಶಾಸ್ತ್ರದ ಬಾಗಿಲು ತೆರೆದರು. ಉರಿಗೆ ಬೆಳಕು ಬರುವುದು ಅದರೊಳಗಿನ ಇಂಗಾಲದ ಕಣಗಳು ಕಾದು ಹೊಳೆಯುವುದರಿಂದ ಎಂದು ಅವರು ತೋರಿಸಿಕೊಟ್ಟರು. ಆ ಕಣಗಳು ಉರಿಯ ಅಂಚು ತಲುಪುವಷ್ಟರಲ್ಲಿ ಪೂರ್ತಿ ಸುಟ್ಟುಹೋದರೆ ನಮಗೆ ಬೆಳಕಷ್ಟೇ ಸಿಗುತ್ತದೆ. ಸುಡದೆ ತಪ್ಪಿಸಿಕೊಂಡರೆ ಅವೇ ಮಸಿಯಾಗಿ ಗೋಡೆ ಹಿಡಿಯುತ್ತವೆ.

ಈ ಮಸಿ ನಮ್ಮ ಹಳೆಯ ಮನೆಗಳಿಗೆ ಹೊಸದಲ್ಲ. ಮಾಗಡಿ ಕಡೆಯ ನಮ್ಮಜ್ಜಿ ಹೊನಗನ್ನೆ ಸೊಪ್ಪಿನ ರಸದಲ್ಲಿ ಬಿಳಿ ಬಟ್ಟೆ ನೆನೆಸಿ ಒಣಗಿಸಿ ಬತ್ತಿ ಹೊಸೆದು, ಹರಳೆಣ್ಣೆ ದೀಪಕ್ಕೆ ಹಾಕಿ, ಉರಿಯ ಮೇಲೆ ತಾಮ್ರದ ತಟ್ಟೆ ಕವುಚಿ ಇಡುತ್ತಿದ್ದರು. ಬೆಳಗ್ಗೆ ತಟ್ಟೆಗೆ ಕಟ್ಟಿದ ಕಪ್ಪನ್ನು ಕೆರೆದು ಬೆಣ್ಣೆಯಲ್ಲಿ ಕಲಸಿದರೆ ಕಾಡಿಗೆ. ತಟ್ಟೆ ಉರಿಗೆ ಎಷ್ಟು ಹತ್ತಿರ ಇರಬೇಕು, ಗಾಳಿಗೆ ಎಷ್ಟು ಸಂದು ಬಿಡಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ಗಾಳಿ ಕಡಿಮೆ ಮಾಡಿದರೆ ಮಸಿ ಹೆಚ್ಚು. ದೇವರ ಮನೆಯ ದೀಪಕ್ಕೆ ಬಂದಾಗ ಅದೇ ಅಜ್ಜಿ ಬತ್ತಿಯ ತುದಿಯ ಕರಿ ತೆಗೆದು, ಬತ್ತಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದು, ಹೊಗೆಯಾಡದಂತೆ ನೋಡಿಕೊಳ್ಳುತ್ತಿದ್ದರು. ಮಸಿ ಬೇಕಾದಾಗ ತರಿಸಿಕೊಳ್ಳುವುದು, ಬೇಡವಾದಾಗ ತಡೆಯುವುದು, ಎರಡೂ ಅವರಿಗೆ ಬರುತ್ತಿತ್ತು. ಮಹಡಿಯ ಹುಡುಗಿಗೆ ನಾನು ಹೇಳಿಕೊಟ್ಟ ಮಸಿ ಪರೀಕ್ಷೆ ಅಜ್ಜಿಯ ತಟ್ಟೆಯದೇ: ಉರಿಯ ಮೇಲೆ ಗೇಣೆತ್ತರದಲ್ಲಿ ಬಿಳಿ ಪಿಂಗಾಣಿ ತಟ್ಟೆಯನ್ನು ಸ್ವಲ್ಪ ಹೊತ್ತು ಹಿಡಿದು ನೋಡುವುದು. ತಟ್ಟೆ ಬೆಚ್ಚಗಾಗಿ ಬೆಳ್ಳಗೇ ಉಳಿದರೆ ಸರಿ. ಕಪ್ಪು ಕಟ್ಟಿದರೆ ಆ ಬತ್ತಿ ಆ ಲೋಟಕ್ಕೆ ದಪ್ಪವಾಯಿತು, ಇಲ್ಲವೇ ಸೆಂಟು ಹೆಚ್ಚಾಯಿತು.

ಬತ್ತಿಯ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ. ಹಿಂದೆ ಯುರೋಪಿನಲ್ಲಿ ಹೊಸೆದ ದಾರದ ಬತ್ತಿ ಇತ್ತು. ಅದು ಉರಿದಂತೆಲ್ಲ ಕರಿ ಬೆಳೆದು, ಮತ್ತೆ ಮತ್ತೆ ಕತ್ತರಿಸದಿದ್ದರೆ ಹೊಗೆಯಾಡುತ್ತಿತ್ತು. ಅದಕ್ಕೆಂದೇ ಬೇರೆ ಕತ್ತರಿಗಳಿದ್ದವು. 1825ರಲ್ಲಿ ಫ್ರಾನ್ಸಿನ ಕಾಂಬಸೆರೆಸ್ ಎಂಬಾತ ದಾರವನ್ನು ಜಡೆಯಂತೆ ಹೆಣೆದ. ಹೆಣೆದ ಬತ್ತಿ ಉರಿಯುವಾಗ ತುದಿ ತಾನಾಗಿ ಬಾಗಿ ಉರಿಯ ಅಂಚಿಗೆ ಬರುತ್ತದೆ, ಅಲ್ಲಿ ಗಾಳಿ ಸಿಕ್ಕಿ ಸುಟ್ಟು ಬೂದಿಯಾಗುತ್ತದೆ. ಇಂದು ಮಹಡಿಯ ಹುಡುಗಿ ಪ್ಯಾಕೆಟ್ಟಿನಲ್ಲಿ ತರಿಸುವ ‘ವಿಕ್’ ಅದೇ ಹೆಣಿಗೆ. ಆದರೂ ಬತ್ತಿ ದಪ್ಪವಾದರೆ ತುದಿಯಲ್ಲಿ ಕರಿಗಂಟು ಕಟ್ಟುತ್ತದೆ. ಆ ಗಂಟು ಕೆಂಪಗೆ ಕಾದು ಮೇಣದೊಳಗೆ ಉದುರಿದರೆ ಅಲ್ಲೊಂದು ಎರಡನೆಯ ಉರಿ ಹುಟ್ಟಬಹುದು. ಸಣ್ಣದಾದರೆ ಉರಿ ತನ್ನ ಸುತ್ತಲ ಮೇಣವನ್ನು ಮಾತ್ರ ಕರಗಿಸಿ ಬಾವಿ ತೋಡಿದಂತೆ ಕೆಳಗಿಳಿಯುತ್ತದೆ, ಲೋಟದ ಗೋಡೆಗೆ ಅರ್ಧ ಮೇಣ ಹಾಗೇ ಉಳಿಯುತ್ತದೆ, ಕೊನೆಗೆ ಬತ್ತಿ ತನ್ನದೇ ಮೇಣದಲ್ಲಿ ಮುಳುಗಿ ಆರುತ್ತದೆ. ಲೋಟದ ಅಗಲದ ಅಂಗುಲಕ್ಕೆ ಒಂದು ಗಂಟೆ ಎಂಬ ಲೆಕ್ಕ ಈ ಕಸುಬಿನಲ್ಲಿದೆ: ಮೂರು ಅಂಗುಲದ ಲೋಟವಾದರೆ ಮೂರು ಗಂಟೆಯಲ್ಲಿ ಕರಗಿದ ಮೇಣ ಅಂಚಿನಿಂದ ಅಂಚಿಗೆ ಮುಟ್ಟಿರಬೇಕು. ಅದಕ್ಕಿಂತ ಬಹಳ ಬೇಗ ಮುಟ್ಟಿದರೂ ಸಂಶಯಪಡಬೇಕು.

ಬತ್ತಿಯೊಳಗೆ ತಂತಿ ಇದ್ದರೆ ಅದನ್ನೂ ನೋಡಬೇಕು. ಸೀಸದ ತಂತಿಯ ಬತ್ತಿಗಳನ್ನು ಅಮೆರಿಕ 2003ರಲ್ಲಿ ನಿಷೇಧಿಸಿತು, ಉರಿದಾಗ ಸೀಸ ಗಾಳಿಗೆ ಬರುತ್ತದೆಂದು. ಹತ್ತಿ ಬಿಡಿಸಿ ತಂತಿಯನ್ನು ಬಿಳಿ ಕಾಗದದ ಮೇಲೆ ಉಜ್ಜಿದರೆ ಪೆನ್ಸಿಲಿನಂತೆ ಬೂದು ಗೆರೆ ಬಿದ್ದರೆ ಸೀಸವಿರಬಹುದು. ಅಂಥ ಬತ್ತಿಯನ್ನು ಮುಟ್ಟದೆ, ಬರಿಯ ಹತ್ತಿಯದನ್ನೇ ಕೊಳ್ಳುವುದು ಸುಲಭ.

ಈಗ ಗಂಟೆಗಳ ಲೆಕ್ಕ. ನಾಲ್ಕು ಗಂಟೆ ಉರಿಸಬೇಕು, ನಂದಿಸಿ ಪೂರ್ತಿ ತಣಿಯಲು ಬಿಡಬೇಕು, ತೂಕ ಬರೆದುಕೊಳ್ಳಬೇಕು, ಬತ್ತಿಯನ್ನು ಕಾಲು ಅಂಗುಲಕ್ಕೆ ಕತ್ತರಿಸಿ ಮತ್ತೆ ಹಚ್ಚಬೇಕು. 200 ಗ್ರಾಂ ಮೇಣ ಗಂಟೆಗೆ 5 ಗ್ರಾಮಿನಂತೆ ಉರಿದರೆ 40 ಗಂಟೆ. ಅಂದರೆ ಒಂದೇ ಒಂದು ಕ್ಯಾಂಡಲಿಗೆ ಹತ್ತು ಸರದಿ. ಬತ್ತಿಯ ಅಳತೆ ಬದಲಿಸಿದರೆ ಮೊದಲಿನಿಂದ. ಮೇಣ ಬದಲಿಸಿದರೆ ಮೊದಲಿನಿಂದ. ಸಂಪಿಗೆಯ ಸೆಂಟು ಬಿಟ್ಟು ಕೇದಿಗೆಯದು ಹಾಕಿದರೂ ಮೊದಲಿನಿಂದ, ಏಕೆಂದರೆ ಒಂದೊಂದು ಸೆಂಟು ಮೇಣದ ಹರಿವನ್ನು ಒಂದೊಂದು ರೀತಿ ಬದಲಿಸುತ್ತದೆ. ಈ ಹೊತ್ತಿನಲ್ಲಿ ಕ್ಯಾಂಡಲನ್ನು ಬಿಟ್ಟು ಹೊರಗೆ ಹೋಗುವಂತಿಲ್ಲ. ಮನೆಯಲ್ಲಿ ಮಾಡಿ ಮಾರುವವರು ಇದನ್ನು ಬಿಡುವುದು ಸೋಮಾರಿತನದಿಂದ ಎಂದು ನಾನು ನಂಬುವುದಿಲ್ಲ. ಪರೀಕ್ಷೆಗೆ ಸುಟ್ಟ ಮೇಣಕ್ಕೆ ದುಡ್ಡು ಹುಟ್ಟುವುದಿಲ್ಲ, ಅವರ ಕೈಯಲ್ಲಿರುವ ಬಂಡವಾಳವೇ ಅಷ್ಟು. ಹಾಗಿದ್ದರೂ ಈ ಸುಟ್ಟ ಮೇಣದ ಖರ್ಚನ್ನು ಬೆಲೆಗೆ ಸೇರಿಸಿ ಮಾರಬೇಕು, ಕೊಳ್ಳುವ ನಾವು ಅದನ್ನು ಕೊಡಬೇಕು. ಯುರೋಪಿನಲ್ಲಿ ಇಎನ್ 15493, ಅಮೆರಿಕದಲ್ಲಿ ಎಎಸ್‌ಟಿಎಂ ಎಫ್ 2417 ಎಂದು ಕ್ಯಾಂಡಲಿನ ಬೆಂಕಿ ಸುರಕ್ಷತೆಗೇ ಮಾನದಂಡಗಳಿವೆ. 10 ಡಿಗ್ರಿ ಓರೆಯಾದ ಹಲಗೆಯ ಮೇಲಿಟ್ಟರೆ ಉರುಳಬಾರದು, ಉರಿ ಮಿತಿಮೀರಿ ಎತ್ತರವಾಗಬಾರದು, ತಾನಾಗಿ ಮತ್ತೆ ಹತ್ತಿಕೊಳ್ಳಬಾರದು. ಓರೆ ಹಲಗೆಯ ಪರೀಕ್ಷೆಗೆ ಒಂದು ಮಣೆ, ಕೆಳಗೆ ಕೊಡಲು ಎರಡು ಪುಸ್ತಕ, ಮಕ್ಕಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಸಾಕು.

ಬೇರೆ ದೇಶದ ಪ್ರಯೋಗಾಲಯದಲ್ಲಿ ಇಲ್ಲದ ಒಂದು ಸಂಗತಿ ನಮ್ಮ ಮನೆಗಳಲ್ಲಿದೆ: ತಲೆಯ ಮೇಲೆ ಫ್ಯಾನು. ಮಾನದಂಡದ ಪರೀಕ್ಷೆ ನಡೆಯುವುದು ಗಾಳಿಯಾಡದ ಕೋಣೆಯಲ್ಲಿ. ವಿಜಯನಗರದ ಮೂವತ್ತು-ನಲವತ್ತು ಸೈಟಿನ ಮನೆಯ ಹಾಲಿನಲ್ಲಿ ಹಬ್ಬದ ದಿನ ಜನ ತುಂಬಿದಾಗ ಫ್ಯಾನು ಹಾಕದೆ ಇರುವುದಿಲ್ಲ. ಗಾಳಿಗೆ ಉರಿ ವಾಲಿ ಒಂದೇ ಪಕ್ಕದ ಗಾಜು ಕಾಯುತ್ತದೆ, ಮಸಿ ಹೆಚ್ಚುತ್ತದೆ, ಕಿಟಕಿಯ ಪಾಲಿಯೆಸ್ಟರ್ ಪರದೆ ಹಾರಿ ಬರುತ್ತದೆ. ಆದ್ದರಿಂದ ನಾವು ಎರಡು ರೀತಿಯೂ ಉರಿಸುತ್ತೇವೆ, ಫ್ಯಾನು ನಿಲ್ಲಿಸಿ ಮತ್ತು ಫ್ಯಾನು ಎರಡರಲ್ಲಿಟ್ಟು. ಎರಡರಲ್ಲೂ ಸಮನಾಗಿ ಉರಿದದ್ದು ಮಾತ್ರ ಮಾರಾಟಕ್ಕೆ. ದೀಪಾವಳಿಯ ಮರುದಿನ ಮಿಂಟೊ ಕಣ್ಣಾಸ್ಪತ್ರೆಗೆ ಪಟಾಕಿಯಿಂದ ಗಾಯಗೊಂಡು ಬಂದವರ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆ. ಒಂದು ಮನೆಯ ಪರದೆಗೆ ಕ್ಯಾಂಡಲಿನ ಉರಿ ತಾಗಿದ್ದು ಸುದ್ದಿಯಾಗುವುದಿಲ್ಲ. ಸುದ್ದಿಯಾಗದ್ದನ್ನು ತಡೆಯುವ ಹೊಣೆ ಮಾಡಿದವರ ಮೇಲೇ ಬೀಳುತ್ತದೆ.

ಮೇಣಕ್ಕೂ ಊರಿಗೂ ಸಂಬಂಧವಿದೆ. ಪ್ಯಾರಾಫಿನ್ ಪೆಟ್ರೋಲಿಯಮ್ಮಿನ ಮಗು. ಅಸ್ಸಾಮಿನ ದಿಗ್ಬೋಯ್‌ನಲ್ಲಿ 1901ರಿಂದ ನಡೆಯುತ್ತಿರುವ ರಿಫೈನರಿ ಅದಕ್ಕೆ ಹೆಸರಾದದ್ದು. ಪ್ಯಾರಾಫಿನ್ ಸಾಮಾನ್ಯವಾಗಿ 55ರಿಂದ 60 ಡಿಗ್ರಿಯ ನಡುವೆ ಕರಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೆಜ್ಜೇನು ಬಿಡಿಸಿ ತರುವ ಜೇನುಮೇಣ 62ರಿಂದ 64ಕ್ಕೆ. ಈಗ ಎಲ್ಲರೂ ಕೇಳುವ ಸೋಯಾ ವ್ಯಾಕ್ಸ್ 50ರ ಆಸುಪಾಸಿಗೇ ಮೆದುವಾಗುತ್ತದೆ. ಬೆಂಗಳೂರಿನ ಹವೆಯಲ್ಲಿ ಅಂದವಾಗಿ ನಿಂತ ಸೋಯಾ ಕ್ಯಾಂಡಲು ಏಪ್ರಿಲ್ಲಿನಲ್ಲಿ ಕಲಬುರಗಿಗೋ ರಾಯಚೂರಿಗೋ ಹೊರಟರೆ, ಬಿಸಿಲಲ್ಲಿ ನಿಂತ ಕೊರಿಯರ್ ವ್ಯಾನಿನೊಳಗೆ ಕರಗಿ ಸೆಂಟು ಮೇಲೆ ಒಸರಿಕೊಂಡಿರುತ್ತದೆ. ಒಸರಿದ ಸೆಂಟಿನ ಎಣ್ಣೆ ಮೇಲ್ಮೈಯಲ್ಲೇ ಇದ್ದಾಗ ಹಚ್ಚಿದರೆ ಉರಿ ಭುಗ್ಗೆನ್ನುತ್ತದೆ. ತಾರಸಿಯ ಮೇಲೆ, ಸಿಂಟೆಕ್ಸ್ ಟ್ಯಾಂಕಿನ ಪಕ್ಕದ ಬಿಸಿಲಲ್ಲಿ ಡಬ್ಬದೊಳಗಿಟ್ಟು ನೋಡಿದ ಮೇಲೆ ಮಹಡಿಯ ಹುಡುಗಿ ಆ ಕಡೆಯ ಆರ್ಡರಿಗೆ ಬೇಸಿಗೆಯಲ್ಲಿ ಸೋಯಾ ಕಳಿಸುವುದನ್ನು ನಿಲ್ಲಿಸಿದಳು.

ಸುಗಂಧದ ಮಾತೆತ್ತಿದರೆ ನಮ್ಮ ಪಶ್ಚಿಮ ಬೆಂಗಳೂರಿನವರಿಗೆ ರಾಜಾಜಿನಗರದ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನೆನಪಾಗದೆ ಇರದು; ಮೆಟ್ರೊ ನಿಲ್ದಾಣಕ್ಕೂ ಅದೇ ಹೆಸರು. ಮೊದಲ ಮಹಾಯುದ್ಧದಲ್ಲಿ ಗಂಧದ ಮರದ ರಫ್ತು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಎಣ್ಣೆ ತೆಗೆಯಲು ಕೈಹಾಕಿತು, ಸೋಪಿನ ವಿದ್ಯೆ ಕಲಿತು ಬರಲು ಎಸ್. ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿತು. ಒಳ್ಳೆಯ ವಸ್ತು ಕೈಯಲ್ಲಿದ್ದ ಮಾತ್ರಕ್ಕೆ ಒಳ್ಳೆಯ ಸರಕು ಆಗುವುದಿಲ್ಲ ಎಂಬ ತಿಳಿವಳಿಕೆ ಅವರಿಗಿತ್ತು. ಮಹಡಿಯ ಹುಡುಗಿ ಒಮ್ಮೆ ಅಪ್ಪಟ ಶ್ರೀಗಂಧದ ಎಣ್ಣೆಯ ಕೆಲವು ಹನಿ ಹಾಕಿದಳು. ಹಚ್ಚದಿದ್ದಾಗ ಘಮಘಮ, ಹಚ್ಚಿದಾಗ ಕೋಣೆಗೆ ಏನೂ ಬರಲಿಲ್ಲ. ಗಂಧದೆಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್ ಕುದಿಯುವುದು 300 ಡಿಗ್ರಿಯ ಹತ್ತಿರ. ಕರಗಿದ ಮೇಣದ ಬಿಸಿಗೆ ಅದು ಸುಲಭವಾಗಿ ಮೇಲೇಳುವುದಿಲ್ಲ. ವಾಸನೆ ಸಾಲದೆಂದು ಸೆಂಟು ಸುರಿಯುತ್ತ ಹೋಗುವುದು ಇಲ್ಲಿ ನಡೆಯುವ ದೊಡ್ಡ ಅಪಾಯ. ಮೇಣ ಹಿಡಿದುಕೊಳ್ಳುವುದು ಸಾಮಾನ್ಯವಾಗಿ ನೂರಕ್ಕೆ 6ರಿಂದ 10 ಭಾಗ. ಮಿಕ್ಕಿದ್ದು ಮೇಲೆ ಒಸರುತ್ತದೆ, ಇಲ್ಲವೇ ಬತ್ತಿಯನ್ನು ಕಟ್ಟಿಹಾಕುತ್ತದೆ.

ಅಲಂಕಾರದ ವಿಷಯದಲ್ಲಿ ನನ್ನ ಮನಸ್ಸು ಗಟ್ಟಿ. ಮೇಣದ ಮೇಲೆ ಒಣಗಿದ ಗುಲಾಬಿ ದಳ, ಚಕ್ಕೆ, ಮರಾಠಿ ಮೊಗ್ಗು ಜೋಡಿಸಿದ್ದು ನೋಡಲು ಚೆಂದ. ಮೇಣ ಕರಗಿದಾಗ ಅವು ತೇಲಿ ಉರಿಯ ಹತ್ತಿರ ಬರುತ್ತವೆ. ಮೇಣ ಹೀರಿದ ಒಣ ದಳ ಇನ್ನೊಂದು ಬತ್ತಿಯೇ ಆಗುತ್ತದೆ. ಲಾಡು, ಜಾಮೂನು, ಫಲೂದದ ಆಕಾರದ ಕ್ಯಾಂಡಲುಗಳನ್ನಂತೂ ಮಾಡಲೇಬಾರದು. ತಿನ್ನುವ ವಸ್ತುವಿನಂತೆ ಕಂಡು ಮಕ್ಕಳನ್ನು ಮೋಸಗೊಳಿಸುವ ಸಾಮಾನುಗಳನ್ನು ಯುರೋಪಿನ ದೇಶಗಳು 1987ರಲ್ಲೇ ಒಂದು ನಿರ್ದೇಶನದ ಮೂಲಕ ತಡೆದವು. ಹಬ್ಬದ ಮನೆಯಲ್ಲಿ ನಿಜವಾದ ಲಾಡಿನ ತಟ್ಟೆಯ ಪಕ್ಕದಲ್ಲೇ ಮೇಣದ ಲಾಡನ್ನಿಟ್ಟರೆ ಎರಡು ವರ್ಷದ ಕೂಸಿಗೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ದೊಡ್ಡ ಆರ್ಡರು ಬಂದಾಗ ಹುಡುಗಿ ನನ್ನ ಮುಖ ನೋಡಿದಳು, ತನ್ನ ಮಗುವನ್ನೂ ನೋಡಿದಳು, ಫೋನಿನಲ್ಲಿ ‘ಅದೊಂದು ಮಾಡಲ್ಲ ಮೇಡಂ, ಮಲ್ಲಿಗೆ ಮೊಗ್ಗಿಂದು ಮಾಡಿಕೊಡ್ತೀನಿ’ ಎಂದಳು.

ಪಾತ್ರೆಗಳಲ್ಲಿ ಮಣ್ಣಿನ ಕುಡಿಕೆ ನಮ್ಮನ್ನು ಹೆಚ್ಚು ಕಾಡಿದೆ. ಹೊಸ ಹಣತೆಯನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕುವುದು ಎಲ್ಲ ಮನೆಗಳಲ್ಲೂ ಗೊತ್ತು. ಮಣ್ಣು ನೀರು ಕುಡಿದರೆ ಎಣ್ಣೆ ಕುಡಿಯುವುದಿಲ್ಲ. ಮೇಣಕ್ಕೆ ಈ ಉಪಾಯ ಆಗದು, ಒಳಗೆ ಉಳಿದ ನೀರು ಚಟಪಟ ಸಿಡಿಯುತ್ತದೆ. ನೆನೆಸದಿದ್ದರೆ ಬಿಸಿ ಮೇಣ ಮಣ್ಣಿನ ರಂಧ್ರಗಳಲ್ಲಿ ಹೊರಗಿನವರೆಗೂ ಹರಿದು ಕುಡಿಕೆಯೇ ಬತ್ತಿಯಂತೆ ಹೊತ್ತಿಕೊಳ್ಳಬಹುದು. ಒಳಗಡೆ ಗಾಜಿನಂತೆ ಮೆರುಗು ಕೊಟ್ಟು ಸುಟ್ಟ ಕುಡಿಕೆಗೆ ಈ ತೊಂದರೆ ಇಲ್ಲ, ಬೆಲೆ ಹೆಚ್ಚು. ತೆಂಗಿನ ಚಿಪ್ಪನ್ನು ಅವಳು ಪೂರ್ತಿ ಕೈಬಿಟ್ಟಳು. ಉರಿಯುವ ವಸ್ತುವಿನಲ್ಲಿ ಉರಿಯನ್ನು ಇಡುವುದಕ್ಕೆ ಪರೀಕ್ಷೆಯೂ ಬೇಡ. ಗಾಜಿಗೆ ದಪ್ಪ ತಳದ ಲೋಟ ಹುಡುಕಿಕೊಂಡಳು. ಬುಡದ ತಗಡಿಗೆ ಉದ್ದ ಕತ್ತಿರುವ ಬಿಲ್ಲೆ ತರಿಸಿದಳು: ಮೇಣ ಆ ಕತ್ತಿನ ಮಟ್ಟಕ್ಕೆ ಇಳಿದಾಗ ಬತ್ತಿಗೆ ಮೇಣ ಸಿಗದೆ ಉರಿ ತಾನೇ ಆರುತ್ತದೆ, ಲೋಟದ ತಳ ಕಾಯುವುದಿಲ್ಲ.

ಕೊನೆಗೆ ಲೇಬಲ್ಲು. ಇಲ್ಲಿ ಮಾರುವ ಕ್ಯಾಂಡಲುಗಳ ಮೇಲೆ ಎಚ್ಚರಿಕೆ ಇದ್ದರೆ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಅದೂ ತಳದಲ್ಲಿ. ಹಚ್ಚುವವರು ಎಷ್ಟೋ ಮನೆಗಳಲ್ಲಿ ಅತ್ತೆ, ಅಜ್ಜಿ, ಕೆಲಸಕ್ಕೆ ಬರುವ ಅಮ್ಮ. ನಾವು ಕನ್ನಡದಲ್ಲಿ ಬರೆದು ಲೋಟದ ಮುಂಭಾಗಕ್ಕೇ ಅಂಟಿಸುತ್ತೇವೆ: ಉರಿಯುವಾಗ ಬಿಟ್ಟು ಹೋಗಬೇಡಿ. ಫ್ಯಾನಿನ ಕೆಳಗೆ, ಪರದೆಯ ಹತ್ತಿರ ಇಡಬೇಡಿ. ಮಕ್ಕಳ ಕೈಗೆ ಸಿಗದಿರಲಿ. ಪ್ರತಿ ಸಲ ಹಚ್ಚುವ ಮೊದಲು ಬತ್ತಿಯನ್ನು ಕಾಲು ಅಂಗುಲಕ್ಕೆ ಕತ್ತರಿಸಿ. ನಾಲ್ಕು ಗಂಟೆಗಿಂತ ಹೆಚ್ಚು ಒಟ್ಟಿಗೆ ಉರಿಸಬೇಡಿ. ತಳದಲ್ಲಿ ಅರ್ಧ ಅಂಗುಲ ಮೇಣ ಉಳಿದಾಗ ನಿಲ್ಲಿಸಿ. ಈ ಕೊನೆಯ ಸಾಲಿಗೆ ಗಿರಾಕಿಗಳ ತಕರಾರಿದೆ. ‘ದುಡ್ಡು ಕೊಟ್ಟ ಮೇಣವನ್ನು ಯಾಕೆ ಬಿಡಬೇಕು?’ ಎಂದು ಕೇಳುತ್ತಾರೆ. ಬಿಲ್ಲೆಯ ಕತ್ತು ಹೇಗೂ ಉರಿಯನ್ನು ಆರಿಸುತ್ತದೆ, ಸಾಲು ತೆಗೆದುಬಿಡೋಣ ಎಂದು ಹುಡುಗಿ. ಬಿಲ್ಲೆ ಜಾರಿದ ಲೋಟವನ್ನು ನಾವೇ ಕಂಡಿದ್ದೇವಲ್ಲ ಎಂದು ನಾನು. ಈ ಸಲದ ಲೇಬಲ್ಲಿನಲ್ಲಿ ಸಾಲು ಇದೆ. ಉಳಿದ ಮೇಣದ ಲೋಟವನ್ನು ವಾಪಸು ತಂದವರಿಗೆ ಮುಂದಿನ ಕ್ಯಾಂಡಲಿನಲ್ಲಿ ಹತ್ತು ರೂಪಾಯಿ ಬಿಡುವುದೆಂದು ಅವಳು ಕೆಳಗೆ ತಾನೇ ಸೇರಿಸಿದ್ದಾಳೆ.